ಕುಟ್ಟಿ ಮಶೀನಿಗೆ ಕಿವಿ ಇಲ್ಲ

ನಮ್ಮ ಜತ್ತ, ಅಕ್ಕಲಕೋಟ ಸೀಮೆಯಲ್ಲಿ ಇಂದು ಎರಡು ಎಮ್ಮೆ ಕಟ್ಟಿದ ಒಕ್ಕಲಿಗನ ಅಂಗಳದಲ್ಲಿಯೂ ವಿದ್ಯುತ್ತಿನಿಂದ ನಡೆಯುವ ಮೇವು ಕತ್ತರಿಸುವ ಯಂತ್ರ ಬಂದು ನಿಂತಿದೆ. ಮರಾಠಿ ನೆರೆಹೊರೆಯವರ ರೂಢಿಯಿಂದ ನಾವೂ ಅದನ್ನು ಕುಟ್ಟಿ ಮಶೀನು ಎನ್ನುತ್ತೇವೆ. ಅದು ಬಂದದ್ದು ಸಂತೋಷದ ಮಾತೇ. ಮಳೆಯನ್ನು ನಂಬಲಾಗದ ಈ ನೆಲದಲ್ಲಿ ಜೋಳದ ಕಣಿಕೆಯ ಒಂದೊಂದು ದಂಟಿಗೂ ಬೆಲೆಯಿದೆ. ಇಡಿಯ ಕಣಿಕೆ ಹಾಕಿದರೆ ದನ ಎಲೆ ತಿಂದು ದಂಟು ತುಳಿಯುತ್ತದೆ. ಕತ್ತರಿಸಿ ಹಾಕಿದರೆ ಗೋದಲಿಯಲ್ಲಿ ಉಳಿಯುವದು ಬಹಳ ಕಡಿಮೆ. ಆದುದರಿಂದ ಈ ಯಂತ್ರ ಬೇಡವೆಂದು ಹೇಳುವವನು ನಾನಲ್ಲ. ಅದನ್ನು ನಾವು ಇಟ್ಟುಕೊಂಡ ರೀತಿಯ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಮೇವು ಕತ್ತರಿಸುವ ಯಂತ್ರ ನಮ್ಮ ಸೀಮೆಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆ ಹೂಡಿದಾಗ ಮೊದಮೊದಲು ತಯಾರಿಸಿದ ಒಕ್ಕಲುತನದ ಸಾಧನಗಳಲ್ಲಿ ಕಬ್ಬಿಣದ ನೇಗಿಲಿನೊಡನೆ ಮೇವು ಕತ್ತರಿಸುವ ಯಂತ್ರವೂ ಒಂದು. ಮುಂದೆ 1910ರಲ್ಲಿ ಅವರು ಈಗಿನ ಸಾಂಗಲಿ ಜಿಲ್ಲೆಗೆ ಬಂದು ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಕಾಲದ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಒಬ್ಬರು ಗಾಲಿ ತಿರುವುವದು, ಇನ್ನೊಬ್ಬರು ಕಣಿಕೆ ಇಕ್ಕುವದು. ಇಕ್ಕುವವರ ಬೆರಳು ತುಸು ಒಳಗೆ ಹೋಯಿತೆಂದರೆ "ಅಯ್ಯೋ" ಎಂಬ ಕೂಗಿಗೆ ತಿರುವುವವರ ಕೈ ನಿಲ್ಲುತ್ತಿತ್ತು. ಆಗಲೂ ಬೆರಳುಗಳು ಹೋಗಿಲ್ಲವೆಂದಲ್ಲ. ಆದರೆ ಆ ಯಂತ್ರಕ್ಕೆ ಮನುಷ್ಯನ ಕಿವಿ ಇತ್ತು. ಈಗ ಗಾಲಿ ತಿರುವುವದು ಮೋಟಾರು. ಅದಕ್ಕೆ ಕಿವಿ ಇಲ್ಲ. ಯಂತ್ರ ಬದಲಾಯಿತು, ಕೈಗಾಲಿಯ ಕಾಲದಲ್ಲಿ ನಮ್ಮ ಕೈಗೆ ಹತ್ತಿದ ರೂಢಿ ಮಾತ್ರ ಬದಲಾಗಲಿಲ್ಲ.

ಶಾಲೆಯ ಮಾಸ್ತರನಾದ್ದರಿಂದ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸಾಮಾನ್ಯ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಪಟ್ಟದ ಗಾಲಿಗಳಿಂದ ಅದನ್ನು ಕಾಲುಭಾಗಕ್ಕೆ ಇಳಿಸಿದರೂ ಅಲಗಿನ ಗಾಲಿ ಸೆಕೆಂಡಿಗೆ 6 ಸುತ್ತು ಬರುತ್ತದೆ. ಗಾಲಿಗೆ ಎರಡು ಅಲಗು ಇದ್ದರೆ ಸೆಕೆಂಡಿಗೆ 12 ಕಡಿತ. ಅರ್ಧ ಇಂಚಿನ ಕುಟ್ಟಿ ಬೀಳುತ್ತಿದ್ದರೆ ಒಂದು ಸೆಕೆಂಡಿನಲ್ಲಿ 6 ಇಂಚು ಕಣಿಕೆ ಒಳಗೆ ಹೋದಂತಾಯಿತು. ನಿಮ್ಮ ನಡುಬೆರಳಿನ ತುದಿಯಿಂದ ಮಣಿಕಟ್ಟಿನ ವರೆಗೆ ಅಳೆದು ನೋಡಿರಿ. ಏಳು ಇಂಚಿನ ಆಸುಪಾಸು ಬರುತ್ತದೆ. "ಅವ್ವಾ" ಎಂದು ಕೂಗಿ, ಆ ಕೂಗು ಇನ್ನೊಬ್ಬರಿಗೆ ಕೇಳಿಸಿ, ಅವರು ಸ್ವಿಚ್ಚಿನ ತನಕ ಓಡುವಷ್ಟರಲ್ಲಿ ಏನು ಉಳಿದೀತು? ಸ್ವಿಚ್ಚು ಆರಿಸಿದ ಮೇಲೂ ಭಾರವಾದ ಆ ಗಾಲಿ ತನ್ನ ವೇಗಕ್ಕೆ ತಾನೇ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ.

ಇಂಥ ಮಾತು ಬಂದಾಗಲೆಲ್ಲ ಹಿರಿಯರು ಒಂದೇ ಉತ್ತರ ಕೊಡುತ್ತಾರೆ: "ಜೋಕೆಯಿಂದ ಇದ್ದರೆ ಏನೂ ಆಗೂದಿಲ್ಲ." ಈ ಮಾತನ್ನು ನಾನು ಒಪ್ಪಲಾರೆ. ಬೆಳಗಿನ ನಾಲ್ಕಕ್ಕೆ ಎದ್ದು, ಕಸ ಹೊಡೆದು, ಹಾಲು ಕರೆದು, ರೊಟ್ಟಿ ಬಡಿದು, ಡೇರಿಯ ವೇಳೆ ಮೀರುವ ಮೊದಲು ಮೇವು ಕತ್ತರಿಸಲು ನಿಂತ ಹೆಣ್ಣುಮಗಳ ತಲೆಯಲ್ಲಿ ಎಷ್ಟು ಜೋಕೆ ಉಳಿದಿರಲು ಸಾಧ್ಯ? ಕೂಸು ಅತ್ತರೆ ಅವಳು ತಿರುಗಿ ನೋಡದೆ ಇರುತ್ತಾಳೆಯೆ? ಆಕೆಯ ಕೈ ಹೋದ ಮೇಲೆ "ಸೆರಗು ಕಟ್ಟಿಕೊಳ್ಳಬಾರದಿತ್ತೆ, ಲಕ್ಷ್ಯ ಎಲ್ಲಿತ್ತು" ಎಂದು ಕೇಳುವವರೂ ನಾವೇ. ಜೋಕೆ ದಣಿಯುತ್ತದೆ, ಮರೆಯುತ್ತದೆ. ಯಂತ್ರಕ್ಕೆ ಬಿಗಿದ ತಗಡಿನ ಮುಚ್ಚಳ ದಣಿಯುವದೂ ಇಲ್ಲ, ಮರೆಯುವದೂ ಇಲ್ಲ. ಕಾಪು ಇರಬೇಕಾದದ್ದು ಕಬ್ಬಿಣದಲ್ಲಿ. ಮನುಷ್ಯನ ಜೋಕೆ ಅದರ ಮೇಲಿನದು.

ಕಳೆದ ಬೇಸಿಗೆಗೆ ಮೊದಲು ಆರನೆಯ ಇಯತ್ತೆಯಲ್ಲಿ ವಿದ್ಯುತ್ತಿನ ಪಾಠ ಹೇಳುವಾಗ, ಮನೆಯಲ್ಲಿ ಕುಟ್ಟಿ ಮಶೀನಿಗೆ ಕಣಿಕೆ ಇಕ್ಕುವವರು ಕೈ ಎತ್ತಿರಿ ಎಂದೆ. ಎತ್ತಿದ ಕೈಗಳನ್ನು ಎಣಿಸಲು ಮನಸ್ಸಾಗಲಿಲ್ಲ. ಹತ್ತು ಹನ್ನೊಂದು ವರ್ಷದ ಕೈಗಳು. ಮಕ್ಕಳಿಂದ ದನ ಮೇಯಿಸಿರಿ, ನೀರು ತರಿಸಿರಿ, ನಾನು ಬೇಡವೆನ್ನುವದಿಲ್ಲ. ತಿರುಗುವ ಅಲಗಿನ ಎದುರು ಮಾತ್ರ ಅವರನ್ನು ನಿಲ್ಲಿಸತಕ್ಕದ್ದಲ್ಲ.

ಹಾಗಾದರೆ ಯಂತ್ರ ಹೇಗಿರಬೇಕು? ಮೇವು ಇಕ್ಕುವ ತೊಟ್ಟಿ ಒಂದು ಗಜಕ್ಕೆ ಕಡಿಮೆ ಉದ್ದವಿರಬಾರದು. ಅದರಲ್ಲಿ ಉರುಳೆಗಳ ಕಡೆಯ ಅರ್ಧಭಾಗ ಮೇಲಿನಿಂದ ತಗಡು ಹೊದಿಸಿ ಮುಚ್ಚಿರಬೇಕು. ತೊಟ್ಟಿಯ ತುದಿಯಲ್ಲಿ ನಿಂತವರ ಕೈ ಚಾಚಿದರೂ ಉರುಳೆಗೆ ಮುಟ್ಟಬಾರದು, ಅದೇ ಇದರ ಗುಟ್ಟು. ಕೈ ಕಡಿಯುವದು ಅಲಗಾದರೂ ಹಿಡಿದೆಳೆಯುವದು ಉರುಳೆ ಎಂಬದನ್ನು ನೆನಪಿಡಬೇಕು. ಕೊನೆಯ ತುಂಡು ಕಣಿಕೆ ಒಳಗೆ ಹೋಗಲೊಲ್ಲದೆಂದು ಕೈಯಿಂದ ನೂಕುವದರಲ್ಲಿಯೇ ಹೆಚ್ಚಿನ ಅಪಾಯವಿದೆ. ಅದನ್ನು ಮುಂದಿನ ಕಟ್ಟಿನಿಂದ ನೂಕಿರಿ, ಇಲ್ಲವೆ ಒಂದು ಕಟ್ಟಿಗೆಯಿಂದ. ಪಟ್ಟಕ್ಕೂ ಅಲಗಿನ ಗಾಲಿಗೂ ಪೂರ್ತಿ ಮುಚ್ಚಳ ಬೇಕು. ಸೆರಗು, ಧೋತರದ ಚುಂಗು, ಟಾವೆಲ್ಲು, ಬಿಚ್ಚಿದ ಜಡೆ ಇವೆಲ್ಲ ಸಿಕ್ಕುವದು ಪಟ್ಟದಲ್ಲಿ. ಉರುಳೆಗಳನ್ನು ಹಿಂದಕ್ಕೆ ತಿರುಗಿಸುವ ಹಿಡಿಕೆ ಇದ್ದ ಯಂತ್ರ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿರಿ. ಸ್ವಿಚ್ಚು ಇಕ್ಕುವವರ ಕೈಗೆಟಕುವಂತಿರಬೇಕು. ನಮ್ಮಲ್ಲಿ ಅದು ಪಡಸಾಲೆಯ ಗೋಡೆಯ ಮೇಲೆ, ಯಂತ್ರ ಕೊಟ್ಟಿಗೆಯಲ್ಲಿ!

ಯಂತ್ರ ಕೊಳ್ಳುವಾಗ ನಾವು ಕೇಳುವದು ತಾಸಿಗೆ ಎಷ್ಟು ಕಣಿಕೆ ಕತ್ತರಿಸುತ್ತದೆ, ಎಷ್ಟು ಅಗ್ಗ ಎಂಬ ಎರಡೇ ಪ್ರಶ್ನೆ. ಗಿಡ್ಡ ತೊಟ್ಟಿಯ, ಮುಚ್ಚಳವಿಲ್ಲದ ಮಾಲು ಅಗ್ಗವಾಗಿ ಸಿಗುತ್ತದೆ, ಅದನ್ನೇ ತರುತ್ತೇವೆ. ತಂದವರು ಒಬ್ಬರು, ಅದರ ಬಾಯಿಗೆ ಕೈ ಕೊಡುವವರು ಇನ್ನೊಬ್ಬರು ಆದದ್ದರಿಂದಲೇ ಹೀಗಾಗಿದೆಯೆಂದು ನನ್ನ ಅಭಿಪ್ರಾಯ. ಕೊಳ್ಳುವ ದಿನ ಮನೆಯ ಹೆಣ್ಣುಮಕ್ಕಳನ್ನೂ ಅಂಗಡಿಗೆ ಕರೆದೊಯ್ದು ತೊಟ್ಟಿಯ ಮುಂದೆ ನಿಲ್ಲಿಸಿ ನೋಡಿರಿ. ಈಗಾಗಲೇ ತಂದಾಗಿದ್ದರೆ ಊರ ಕಮ್ಮಾರನಾಗಲಿ ವೆಲ್ಡಿಂಗಿನವನಾಗಲಿ ಒಂದು ಮಧ್ಯಾಹ್ನದಲ್ಲಿ ತೊಟ್ಟಿಯನ್ನು ಉದ್ದ ಮಾಡಿ ತಗಡು ಹೊದಿಸಿ ಕೊಡಬಲ್ಲ.

ಕರೆಂಟು ಹೋಗಿ ಬರುವದು ನಮಗೆ ದಿನದ ಮಾತು. ಯಂತ್ರ ನಡೆದಾಗ ಕರೆಂಟು ಹೋದರೆ "ಹೇಗೂ ನಿಂತಿದೆಯಲ್ಲ" ಎಂದು ಸಿಕ್ಕಿದ ಮೇವನ್ನು ಬಿಡಿಸಲು ಕೈ ಹಾಕುತ್ತೇವೆ. ಸ್ವಿಚ್ಚು ಹಾಗೆಯೇ ಇರುತ್ತದೆ. ಕರೆಂಟು ಹೇಳಿ ಬರುವದಿಲ್ಲ. ಆದುದರಿಂದ ಕರೆಂಟು ಹೋದ ಕೂಡಲೆ ಮೊದಲ ಕೆಲಸ ಸ್ವಿಚ್ಚು ಆರಿಸುವದು, ಎರಡನೆಯದು ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿಯುವದು. ಅಲಗು ಬಿಚ್ಚುವಾಗ, ಮಸೆಯುವಾಗ, ಎಣ್ಣೆ ಬಿಡುವಾಗ ಕೂಡ ಇದೇ ನಿಯಮ.

ಇನ್ನು ವಿದ್ಯುತ್ತಿನ ಮಾತು. ಮನೆಯ ಕರೆಂಟು 230 ವೋಲ್ಟಿನದು. ಫ್ಯೂಜು ಇದೆಯಲ್ಲ, ಹೆದರಿಕೆ ಏನು ಎನ್ನುವವರುಂಟು. ಫ್ಯೂಜು ಕಾಯುವದು ತಂತಿಯನ್ನು, ಮನುಷ್ಯನನ್ನಲ್ಲ. 5 ಆಂಪಿಯರಿನ ಫ್ಯೂಜು ಎಂದರೆ 5000 ಮಿಲಿ ಆಂಪಿಯರು. ಮನುಷ್ಯನ ಕೈ ಹಿಡಿದದ್ದನ್ನು ಬಿಡಲಾಗದಂತೆ ಸೆಟೆದುಕೊಳ್ಳಲು ಸುಮಾರು 10 ಮಿಲಿ ಆಂಪಿಯರು ಸಾಕು. ಅದರ ಕೆಲವೇ ಪಟ್ಟು ಎದೆಯ ಮೂಲಕ ಹಾಯ್ದರೆ ಜೀವಕ್ಕೇ ಅಪಾಯ. ಆ ಹೊತ್ತಿನಲ್ಲಿ ಫ್ಯೂಜಿಗೆ ಏನೂ ತಿಳಿದಿರುವದಿಲ್ಲ. ಇದಕ್ಕೆಂದೇ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಬಂದಿದೆ. ಹೋದ ಕರೆಂಟು ಪೂರ್ತಿ ಮರಳಿ ಬರದೆ ಎಲ್ಲಿಯೋ ಸೋರುತ್ತಿದೆ ಎಂದು ಕಂಡ ಕ್ಷಣದಲ್ಲಿಯೇ ಅದು ತಾನಾಗಿ ಆರಿಸುತ್ತದೆ. 30 ಮಿಲಿ ಆಂಪಿಯರಿನದನ್ನೇ ಕೇಳಿ ಕೊಂಡು, ತಿಳಿದ ವಾಯರಮನ್ನನಿಂದ ಕೂಡಿಸಿರಿ. ಅದರ ಮೈಮೇಲಿನ 'ಟಿ' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಆರುತ್ತದೆಯೆ ಎಂದು ನೋಡಬೇಕು. ಹೀಗಿದ್ದರೂ ಎರಡೂ ತಂತಿಗಳನ್ನು ಎರಡು ಕೈಯಲ್ಲಿ ಹಿಡಿದವನನ್ನು ಅದು ಉಳಿಸಲಾರದು.

ಪ್ಲಗ್ಗಿನ ಮೂರನೆಯ ಕಡ್ಡಿ ದಪ್ಪವಾಗಿಯೂ ಉದ್ದವಾಗಿಯೂ ಇರುವದೇಕೆಂದು ಮಕ್ಕಳನ್ನು ಕೇಳಿರಿ, ಹೇಳುತ್ತಾರೆ. ಒಳಗೆ ಹೋಗುವಾಗ ಅದು ಮೊದಲು ಕೂಡಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು. ಯಂತ್ರದ ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕೆ ಒಯ್ಯುವ ಅರ್ಥಿಂಗಿನ ಕಡ್ಡಿಯದು. ನಾವು ಅದನ್ನು ಮುರಿದು ಹಾಕುತ್ತೇವೆ, ಇಲ್ಲವೆ ಪ್ಲಗ್ಗನ್ನೇ ಬಿಟ್ಟು ಎರಡು ತಂತಿಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತೇವೆ. ಸಗಣಿ ಗಂಜಲದ ಹಸಿ ನೆಲದಲ್ಲಿ ಬರಿಗಾಲಿನಿಂದ ನಿಂತವರಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಬೇರೆ ಬೇಡ. ಕೆಲವು ಕೈ ಡ್ರಿಲ್ಲು, ಗ್ರೈಂಡರುಗಳಿಗೆ ಮಾತ್ರ ಎರಡೇ ತಂತಿ ಇರುತ್ತವೆ. ಅವುಗಳ ಹೆಸರಿನ ಪಟ್ಟಿಯ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಇಮ್ಮಡಿ ಹೊದಿಕೆಯವೆಂದು ತಿಳಿಯಬೇಕು. ಅವಕ್ಕೆ ಅರ್ಥಿಂಗು ಬೇಕಿಲ್ಲ. ಆ ಹೊದಿಕೆ ಒಡೆದರೆ ಮಾತ್ರ ಆ ಸಾಧನವನ್ನು ಬದಿಗಿಡತಕ್ಕದ್ದು.

ಗ್ರೈಂಡರಿನ ಮಾತು ಬಂತು. ದ್ರಾಕ್ಷಿಯ ಮಂಟಪಕ್ಕೆ ಕಬ್ಬಿಣದ ಆಂಗಲ್ಲು ಕೊಯ್ಯಲು, ಕುಟ್ಟಿ ಮಶೀನಿನ ಅಲಗು ಮಸೆಯಲು ಈಗ ತೋಟದಲ್ಲೆಲ್ಲ ಅದೇ. ನಾಲ್ಕು ಇಂಚಿನ ಬಿಲ್ಲೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗಿದರೆ ಅದರ ಅಂಚು ತಾಸಿಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಆ ಬಿಲ್ಲೆ ಸಿಡಿದರೆ ಗುಂಡಿಗೆ ಸಮಾನ. ತರುಣರು ಮಾಡುವದೇನು? ಮೊದಲು ಅದರ ಕಾಪಿನ ತಗಡು ಬಿಚ್ಚಿ ಒಗೆಯುತ್ತಾರೆ, ಆಮೇಲೆ ಐದು ಇಂಚಿನ ಬಿಲ್ಲೆಯನ್ನೋ ಕಟ್ಟಿಗೆ ಕೊಯ್ಯುವ ಹಲ್ಲಿನ ಬಿಲ್ಲೆಯನ್ನೋ ಏರಿಸುತ್ತಾರೆ. ಹಲ್ಲು ಹಸಿ ಕಟ್ಟಿಗೆಯಲ್ಲಿ ಸಿಕ್ಕು ಸಾಧನ ಹಿಂದಕ್ಕೆ ಜಿಗಿದರೆ ಅದು ಬರುವದು ತೊಡೆಗೆ ಅಥವಾ ಮೋರೆಗೆ. ಬಿಲ್ಲೆಯ ಮೇಲೆ ಬರೆದ ಸುತ್ತಿನ ಅಂಕಿ ಗ್ರೈಂಡರಿನ ಅಂಕಿಗಿಂತ ಹೆಚ್ಚಿರಬೇಕು. ನಡುವಿನ ಲೋಹದ ಬಳೆಯ ಮೇಲೆ ಅವಧಿಯ ತಿಂಗಳು, ವರ್ಷ ಒತ್ತಿರುತ್ತಾರೆ, ಅದನ್ನೂ ನೋಡಬೇಕು. ಕಣ್ಣಿಗೆ ಕನ್ನಡಕವಿಲ್ಲದೆ ಗ್ರೈಂಡರು ಹಿಡಿಯಬಾರದು. ಒಣ ಕಣಿಕೆಯ ಬಣವೆಯ ಹತ್ತಿರ ಅದರ ಕಿಡಿ ಹಾರಿಸುವದಂತೂ ಸಲ್ಲದು.

ಸಾಧನಗಳ ಜೋಪಾಸನೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅಲಗು ಹರಿತವಿರಲಿ, ಮೊಂಡಾದರೆ ಮೋಟಾರು ಕಾಯುತ್ತದೆ, ಮೇವನ್ನು ನೂಕುವ ಕೈಯೂ ಮುಂದೆ ಹೋಗುತ್ತದೆ. ಅಲಗಿನ ಬೋಲ್ಟುಗಳನ್ನು ವಾರಕ್ಕೊಮ್ಮೆ ಬಿಗಿಯಿರಿ. ಮೋಟಾರಿನ ಗಾಳಿಕಿಂಡಿಯ ಧೂಳು ತೆಗೆಯಿರಿ. ದೀಪಕ್ಕೆಂದು ಎಳೆದ ಸಣ್ಣ ವಾಯರಿನಿಂದ ಎರಡು ಅಶ್ವಶಕ್ತಿಯ ಮೋಟಾರು ನಡೆಸಬೇಡಿರಿ. ಅದಕ್ಕೆ ಹತ್ತು ಆಂಪಿಯರಿನಷ್ಟು ಕರೆಂಟು ಬೇಕು, ಹೊರಡುವಾಗ ಅದರ ಹಲವು ಪಟ್ಟು.

ಆಗಬಾರದ್ದು ಆದರೆ ಏನು ಮಾಡಬೇಕೆಂಬದನ್ನೂ ಮೊದಲೇ ತಿಳಿದಿರಬೇಕು. ಕರೆಂಟು ಹಿಡಿದವರನ್ನು ಮುಟ್ಟದೆ ಮೊದಲು ಸ್ವಿಚ್ಚು ಆರಿಸಿರಿ. ಅದು ದೂರವಿದ್ದರೆ ಒಣ ಕಟ್ಟಿಗೆಯಿಂದ ಬಿಡಿಸಿರಿ. ಉಸಿರು ನಿಂತಿದ್ದರೆ ಎದೆಯ ನಡುವೆ ಒತ್ತುತ್ತ 108ಕ್ಕೆ ಕರೆ ಮಾಡಿಸಿರಿ. ಬೆರಳು ಕಡಿದುಹೋದರೆ ಗಾಯಕ್ಕೆ ಅರಿಶಿನ, ಸುಣ್ಣ ತುಂಬಬೇಡಿರಿ. ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಅದುಮಿ ಹಿಡಿಯಿರಿ. ತುಂಡಾದ ಬೆರಳನ್ನು ತೇವದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ಆ ಚೀಲವನ್ನು ಬರ್ಫದ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ಬರ್ಫ ನೇರವಾಗಿ ತಾಗಬಾರದು. ಹೀಗೆ ಬೇಗನೆ ದೊಡ್ಡ ಆಸ್ಪತ್ರೆಗೆ ತಲುಪಿದರೆ ಅದನ್ನು ಜೋಡಿಸುವ ಸಾಧ್ಯತೆ ಇರುತ್ತದೆ.

ಮಹಾರಾಷ್ಟ್ರ ಸರಕಾರ 2023ರಲ್ಲಿ ಗೋಪೀನಾಥ ಮುಂಡೆ ಶೇತಕರಿ ಅಪಘಾತ ಸುರಕ್ಷಾ ಸಾನುಗ್ರಹ ಅನುದಾನ ಯೋಜನೆಯನ್ನು ರೂಪಿಸಿತು. ಒಕ್ಕಲಿಗ ಅಪಘಾತದಲ್ಲಿ ಸತ್ತರೆ 2 ಲಕ್ಷ ರೂಪಾಯಿ, ಒಂದು ಕೈಯೋ ಕಾಲೋ ಕಣ್ಣೋ ಹೋದರೆ 1 ಲಕ್ಷ. ಉತಾರದಲ್ಲಿ ಹೆಸರಿದ್ದವನಿಗಷ್ಟೇ ಅಲ್ಲ, ಹೆಸರಿಲ್ಲದ ಮನೆಯ ಒಬ್ಬ ಸದಸ್ಯರಿಗೂ ಅದು ಅನ್ವಯಿಸುತ್ತದೆ. ಎಂದರೆ ಕಣಿಕೆ ಇಕ್ಕುವ ಹೆಂಡತಿಯೋ ತಾಯಿಯೋ ಅದರಲ್ಲಿ ಬರಬಹುದು. ಅರ್ಜಿಗೆ ತಡಮಾಡದೆ ತಾಲೂಕಾ ಕೃಷಿ ಕಚೇರಿಗೆ ಹೋಗಬೇಕು. ಪ್ರಕಟಣೆಗಳೆಲ್ಲ ಮರಾಠಿಯಲ್ಲಿ ಬರುವದರಿಂದ ನಮ್ಮ ಹಳ್ಳಿಯ ಮುದುಕರಿಗೆ, ಹೆಣ್ಣುಮಕ್ಕಳಿಗೆ ಇವು ಮುಟ್ಟುವದಿಲ್ಲ.

ಯಂತ್ರದೊಡನೆ ಬರುವ ಪುಸ್ತಿಕೆಯ ಹಣೆಬರಹವೂ ಇದೇ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುವ ಅದು ಬಿಚ್ಚದೆ ಮಾಡಿನ ಸಂದಿಗೆ ಸೇರುತ್ತದೆ. ರಾಶಿ ಮಾಡುವ ಯಂತ್ರಗಳಲ್ಲಿ ಕೈಗಳು ಹೋಗುತ್ತಿದ್ದಾಗ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯೇ ಬಂತು. ಕಾಯ್ದೆ ದಿಲ್ಲಿಯಲ್ಲಿದ್ದರೆ ಕೊಟ್ಟಿಗೆಗೆ ಬರುವದು ಯಾವಾಗ? ಅದಕ್ಕಾಗಿ ಕಾಯುವದಕ್ಕಿಂತ ಒಂದು ಸುಲಭದ ಕೆಲಸವಿದೆ. ಯಂತ್ರದ ಎದುರಿನ ಗೋಡೆಗೆ ಸುಣ್ಣ ಬಳಿದು, ದೂರದಿಂದ ಓದಲು ಬರುವಂತೆ ಕನ್ನಡದಲ್ಲಿ ಇಷ್ಟು ಬರೆಯಿಸಿರಿ: ಕರೆಂಟು ಹೋದರೆ ಸ್ವಿಚ್ಚು ಆರಿಸು, ಸೆರಗು ಸಿಕ್ಕಿಸಿಕೋ, ಕೊನೆಯ ತುಂಡನ್ನು ಕೈಯಿಂದ ನೂಕಬೇಡ, ಮಕ್ಕಳು ಇಲ್ಲಿ ನಿಲ್ಲಬಾರದು. ಬರೆಯಲು ಪೇಂಟರನನ್ನು ಕರೆಯಬೇಕಿಲ್ಲ. ಕನ್ನಡ ಶಾಲೆಗೆ ಹೋಗುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಅದರ ಕೈಗೆ ಕಾವಿಯ ಡಬ್ಬಿ ಕೊಡಿರಿ.