ಯಂತ್ರಕ್ಕೆ ಬಂದ ಜ್ವರ

ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯಲ್ಲಿ ದೊಡ್ಡಆಲಹಳ್ಳಿ ಎಂಬ ಊರುಂಟು. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕ ರೇಷ್ಮೆಹುಳು ಸಾಕುತ್ತಾಳೆ. ಅವಳ ಮಗ ಬೀದಿಯ ಕಡೆಯ ಕೋಣೆಯಲ್ಲಿ ಒಂದು ಕಂಪ್ಯೂಟರನ್ನಿಟ್ಟುಕೊಂಡು, ಪಹಣಿ ತೆಗೆದುಕೊಡುವುದು, ಮಕ್ಕಳ ಕಾಲೇಜಿನ ಅರ್ಜಿ ತುಂಬಿಕೊಡುವುದು ಮೊದಲಾದ ಕೆಲಸಗಳಿಂದ ನಾಲ್ಕು ಕಾಸು ಸಂಪಾದಿಸುತ್ತಾನೆ. ಬೇಸಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಯಾರ ಮುಖದಲ್ಲಿಯೂ ಗೆಲುವಿರಲಿಲ್ಲ.

“ಮಾವ, ಮೊದಮೊದಲು ಯಂತ್ರ ಮಂದವಾಯಿತು. ಈಗ ಐದು ನಿಮಿಷ ನಡೆದರೆ ತಾನಾಗಿಯೇ ಆರಿಹೋಗುತ್ತದೆ. ಪ್ರೊಸೆಸರ್ ಸುಟ್ಟಿದೆ, ಹೊಸ ಯಂತ್ರವನ್ನೇ ಕೊಳ್ಳಿ ಎಂದು ರಿಪೇರಿಯವನು ಹೇಳಿಹೋದ” ಎಂದ ಅಳಿಯ.

ಗೂಡು ಮಾರಿ ಬಂದ ಹಣವನ್ನು ಅಕ್ಕ ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟಿದ್ದಳು. ಅದನ್ನೇ ಮಗನ ಕೈಗೆ ಕೊಡಲು ಈಗ ಸಿದ್ಧಳಾಗಿದ್ದಳು. ಹುಡುಗಿ ಏನೊಂದೂ ಆಡದೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. “ಒಂದು ದಿನ ತಡೆಯಿರಿ” ಎಂದೆ.

ಪ್ರೊಸೆಸರ್ ಎಂಬುದು ಕಂಪ್ಯೂಟರಿನ ಮಿದುಳು. ಸಾಮಾನ್ಯವಾದುದೊಂದು ದುಡಿಯುವಾಗ 65 ವಾಟಿನಷ್ಟು ವಿದ್ಯುತ್ತನ್ನು ನುಂಗುವುದುಂಟು. ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ಹಳೆಯ ಕಾಲದ 60 ವಾಟಿನ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ಆ ಬಿಸಿ ಎಷ್ಟೆಂಬುದು ಗೊತ್ತು. ಇಲ್ಲಿ ಆ ಬಿಸಿಯೆಲ್ಲ ಹೆಬ್ಬೆರಳ ಉಗುರಿನಷ್ಟಗಲದ ಸಿಲಿಕಾನ್ ಚೂರಿನಲ್ಲಿ ಹುಟ್ಟುತ್ತದೆ. ಇದು ದೊಡ್ಡ ದೊಡ್ಡವರನ್ನೂ ಕಾಡಿದ ತೊಡಕು. ಯಂತ್ರದ ವೇಗವನ್ನು ಏರಿಸುತ್ತಲೇ ಹೋಗಬಹುದೆಂದು ನಂಬಿದ್ದ ಇಂಟೆಲ್ ಸಂಸ್ಥೆಯವರು, ಶಾಖ ಮತ್ತು ವಿದ್ಯುತ್ತಿನ ಕಾಟ ತಾಳಲಾರದೆ, 2004ರ ಮೇ ತಿಂಗಳಿನಲ್ಲಿ ‘ಟೇಜಸ್’ ಎಂಬ ಪ್ರೊಸೆಸರಿನ ಯೋಜನೆಯನ್ನೇ ಕೈಬಿಟ್ಟು, ಒಂದರಲ್ಲಿ ಎರಡು ಮಿದುಳುಗಳನ್ನು ಕೂಡಿಸುವ ಹಾದಿ ಹಿಡಿದರು.

ಈ ಶಾಖ ಹೊರಹೋಗಲು ಎರಡು ಮೆಟ್ಟಿಲುಗಳಿವೆ. ಮೊದಲನೆಯದು, ಪ್ರೊಸೆಸರಿನಿಂದ ಅದರ ಮೇಲೆ ಕುಳಿತಿರುವ ಹೀಟ್‌ಸಿಂಕ್ ಎಂಬ ಲೋಹದ ಗರಿಗಳಿಗೆ. ಎರಡನೆಯದು, ಗರಿಗಳಿಂದ ಫ್ಯಾನಿನ ಗಾಳಿಗೆ. ಬಿಸಿ ಮಿತಿಮೀರಿದರೆ, ಎಂದರೆ ಅನೇಕ ಪ್ರೊಸೆಸರುಗಳಲ್ಲಿ 100 ಡಿಗ್ರಿ ಸೆಲ್ಸಿಯಸಿನ ಹತ್ತಿರ ಬಂದರೆ, ಯಂತ್ರವು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಆರಿಹೋಗುತ್ತದೆ. ಆದುದರಿಂದ ಆರಿಹೋಗುವುದು ಸಾವಿನ ಲಕ್ಷಣವಲ್ಲ. ಜೀವ ಉಳಿಸಿಕೊಳ್ಳುವ ಉಪಾಯ. ಸುಟ್ಟುಹೋದ ಪ್ರೊಸೆಸರು ಐದು ನಿಮಿಷ ತಾನೆ ಹೇಗೆ ನಡೆದೀತು?

ಧೂಳು ಬೀಳದಿರಲೆಂದು ಅಳಿಯ ಯಂತ್ರಕ್ಕೆ ಬಡಗಿಯಿಂದ ಮರದ ಗೂಡು ಮಾಡಿಸಿದ್ದ. ಅಕ್ಕ ಅದನ್ನು ನೋಡಿ, “ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹುಳುಮನೆಯ ಕಿಟಕಿ ಮುಚ್ಚಿದರೆ ಉಳಿಯುತ್ತದೇನಪ್ಪ? ಇದಕ್ಕೆ ಉಸಿರಾಡುವುದಕ್ಕೆ ಎಲ್ಲಿ ಜಾಗ ಬಿಟ್ಟಿದ್ದೀಯೆ?” ಎಂದಳು. ಬೆಳೆದ ಹುಳುವಿಗೆ 24ರಿಂದ 26 ಡಿಗ್ರಿಯ ತಂಪು, ಧಾರಾಳವಾದ ಗಾಳಿ ಬೇಕೆಂಬುದನ್ನು ಬಲ್ಲವಳ ಮಾತು ಅದು. ಗೂಡಿನಿಂದ ಯಂತ್ರವನ್ನು ಹೊರಗೆ ತೆಗೆದೆವು. ವಿದ್ಯುತ್ ತಂತಿ ಕಿತ್ತು, ಪಕ್ಕದ ತಗಡು ಬಿಚ್ಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಗರಿಗಳ ನಡುವಿನ ಕೆಂಧೂಳನ್ನು ಕುಂಚದಿಂದ ತೆಗೆದೆವು. ಐದು ನಿಮಿಷ ನಿಲ್ಲುತ್ತಿದ್ದ ಯಂತ್ರ ಹತ್ತು ನಿಮಿಷ ನಿಂತಿತು, ಅಷ್ಟೆ.

ಹಾಗಾದರೆ ದೋಷ ಇನ್ನೊಂದು ಮೆಟ್ಟಿಲಿನಲ್ಲಿರಬೇಕು. ಯಂತ್ರ ಎಚ್ಚೆತ್ತೊಡನೆ ಅದರ ಬಯಾಸ್ ಪುಟ ತೆರೆದರೆ ಪ್ರೊಸೆಸರಿನ ಉಷ್ಣತೆ ಕಾಣುತ್ತದೆ. ನೋಡನೋಡುತ್ತಿದ್ದಂತೆ ಅದು 95ಕ್ಕೆ ಏರಿತು. ತಂತಿ ಕಿತ್ತು ಗರಿಗಳನ್ನು ಮೆಲ್ಲಗೆ ಮುಟ್ಟಿದೆ. ಉಗುರು ಬೆಚ್ಚಗೂ ಇರಲಿಲ್ಲ! ವಾಚಕರು ಇದೊಂದನ್ನು ನೆನಪಿಡಬೇಕು. ಗರಿ ಸುಡುತ್ತಿದ್ದರೆ ಗಾಳಿಯ ಕೊರತೆ. ಪ್ರೊಸೆಸರು ಕುದಿಯುತ್ತಿದ್ದು ಗರಿ ತಣ್ಣಗಿದ್ದರೆ, ಅವೆರಡರ ಸಂಬಂಧ ಕಡಿದಿದೆ ಎಂದರ್ಥ.

ಬಗ್ಗಿ ನೋಡಿದರೆ, ಹೀಟ್‌ಸಿಂಕನ್ನು ಹಿಡಿದಿರುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ರಂಧ್ರದಿಂದ ಮೇಲೆದ್ದಿತ್ತು. ನಡುವೆ ಬಳಿಯುವ ಥರ್ಮಲ್ ಪೇಸ್ಟು ಬತ್ತಿದ ಕೆರೆಯ ಮಣ್ಣಿನಂತೆ ಒಡೆದಿತ್ತು. ಕೂದಲೆಳೆಯಷ್ಟು ಸಂದಿಗೆ ಇಷ್ಟು ಫಲವೇ ಎಂದು ಕೇಳಬಹುದು. ತಾಮ್ರವು ಗಾಳಿಗಿಂತ ಸುಮಾರು 15,000 ಪಾಲು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಸಂದಿಯಲ್ಲಿ ಗಾಳಿ ನಿಂತರೆ ಅದು ಶಾಖಕ್ಕೆ ಕಂಬಳಿ ಹೊದಿಸಿದಂತೆಯೇ ಸರಿ. ಆ ಗಾಳಿಯನ್ನು ಹೊರದೂಡುವುದೇ ಪೇಸ್ಟಿನ ಕೆಲಸ.

ಕನಕಪುರದಿಂದ ಪೇಸ್ಟು ತರಿಸಿದೆವು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿಕಾಳಿನಷ್ಟನ್ನು ನಡುವೆ ಇಟ್ಟು, ಎದುರುಬದುರು ಮೂಲೆಯ ಗೂಟಗಳನ್ನು ಜೋಡಿಜೋಡಿಯಾಗಿ ಒತ್ತಿದೆವು. ಪೇಸ್ಟು ಹೆಚ್ಚಾದರೆ ಒಳ್ಳೆಯದೆಂದು ಮೆತ್ತಬಾರದು. ದಪ್ಪವಾದಷ್ಟೂ ಅದೇ ಶಾಖಕ್ಕೆ ಅಡ್ಡಿ. ಒಳಗೆ ಕೈಯಿಡುವ ಮೊದಲು ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಮುಟ್ಟಬೇಕು. ಮೈಯಲ್ಲಿನ ಸ್ಥಿರವಿದ್ಯುತ್ತು ಒಳಗಿನ ಸೂಕ್ಷ್ಮ ಭಾಗಗಳನ್ನು ಕೆಡಿಸೀತು. ಹುಳುಮನೆಗೆ ಒದ್ದೆ ಗೋಣಿ ಕಟ್ಟುವಂತೆ ಇಲ್ಲಿ ಒದ್ದೆ ಬಟ್ಟೆಯನ್ನು ಮಾತ್ರ ತರಲೇಬಾರದು.

ಈ ಸಲ ಬಯಾಸಿನಲ್ಲಿ ಉಷ್ಣತೆ 52ರಲ್ಲಿ ನಿಂತಿತು. ಅಳಿಯ ಸಂಜೆಯವರೆಗೆ ಅರ್ಜಿಗಳನ್ನು ತುಂಬಿದ. ಯಂತ್ರ ಒಮ್ಮೆಯೂ ಆರಲಿಲ್ಲ. ಒಂದು ವೇಳೆ ಉಷ್ಣತೆ ಸರಿಯಾಗಿದ್ದೂ ಯಂತ್ರ ಆರಿದ್ದರೆ, ವಿದ್ಯುತ್ ಒದಗಿಸುವ ಪೆಟ್ಟಿಗೆಯನ್ನು ಪರೀಕ್ಷಿಸಬೇಕಾಗುತ್ತಿತ್ತು.

ಖರ್ಚಾದುದು ಪೇಸ್ಟಿನ ಬೆಲೆ ಮತ್ತು ಬಸ್ಸಿನ ಚಾರ್ಜು. ಅಕ್ಕ ಗೂಡಿನ ಹಣವನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು. ಮರುದಿನ ಅದೇ ಯಂತ್ರದಲ್ಲಿ ತುಂಬಿದ ಮೊದಲನೆಯ ಅರ್ಜಿ ಅವಳ ಮಗಳದು.