ಕೀಲಿ ಕೊಡುವ ಮುನ್ನ

ಮೇ ತಿಂಗಳು ಬಂತೆಂದರೆ ನಮ್ಮ ಲೋಧಿ ಕಾಲೋನಿಯಲ್ಲಿ ಕೀಲಿಗಳು ಕೈ ಬದಲಾಯಿಸುತ್ತವೆ. ಊರಿಗೆ ಹೊರಟ ಕುಟುಂಬ ಮನೆ ಕೀಲಿಯ ಜೊತೆಗೆ ಕಾರಿನ ಕೀಲಿಯನ್ನೂ ಪಕ್ಕದ ಬ್ಲಾಕಿನ ಕನ್ನಡದವರಿಗೆ ಒಪ್ಪಿಸಿ, "ವಾರಕ್ಕೊಂದು ರೌಂಡ್ ಹೊಡೀರಿ, ಇಲ್ಲಾಂದ್ರೆ ಬ್ಯಾಟರಿ ಕೂತುಬಿಡುತ್ತೆ" ಎಂದು ಹೇಳಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತದೆ. ಅದೇ ಹೊತ್ತಿಗೆ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳು ಮನೆಯಲ್ಲಿರುತ್ತಾರೆ. ಕೆಲವರಿಗೆ ಹದಿನೆಂಟು ತುಂಬಿದೆ, ಕೆಲವರಿಗೆ ಇನ್ನೆರಡು ತಿಂಗಳು ಬಾಕಿ. ಎಲ್ಲರ ಕಣ್ಣೂ ಆ ಕೀಲಿಯ ಮೇಲೆಯೇ. ಹಾಗಾಗಿ ಈ ಸಲದ ಅಂಕಣದಲ್ಲಿ ನಮ್ಮ ಗುಂಪುಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ: ಬೇರೆಯವರ ಗಾಡಿ ಓಡಿಸಿದರೆ ಇನ್ಶೂರೆನ್ಸ್ ನಡೆಯುತ್ತದೆಯೇ? ಮಕ್ಕಳು ಓಡಿಸಿದರೆ?

ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಎಷ್ಟೋ ಸಲ ಸಿಗುವುದು ಇಂಗ್ಲೆಂಡಿನ ಉತ್ತರ. ಅಲ್ಲಿ ಪಾಲಿಸಿ ಬರೆಯುವುದು ಚಾಲಕನನ್ನು ನೋಡಿ. ಯಾರ್ಯಾರು ಓಡಿಸುತ್ತಾರೆ ಎಂದು ಹೆಸರು ಕೊಡಬೇಕು. ಹದಿನೇಳು, ಹದಿನೆಂಟರ ಹುಡುಗನ ಹೆಸರು ಸೇರಿಸಿದರೆ ಪ್ರೀಮಿಯಂ ನೋಡಿ ತಂದೆಗೆ ತಲೆ ತಿರುಗುತ್ತದೆ. ಬೇರೆಯವರ ಕಾರು ಓಡಿಸುವ ಸೌಲಭ್ಯ ಕೆಲವು ಪಾಲಿಸಿಗಳಲ್ಲಿದ್ದರೂ ಅದು ಸಾಮಾನ್ಯವಾಗಿ 25 ದಾಟಿದವರಿಗೆ, ಅದೂ ಥರ್ಡ್ ಪಾರ್ಟಿ ಮಟ್ಟಕ್ಕೆ ಮಾತ್ರ. ಲಂಡನ್ನಿನ ಭಾವಮೈದ ವಾಟ್ಸಾಪ್‌ನಲ್ಲಿ ಕೊಡುವ ಸಲಹೆ ಅವನ ಊರಿಗೆ ಸರಿ. ನಮ್ಮ ಲೆಕ್ಕವೇ ಬೇರೆ.

ನಮ್ಮಲ್ಲಿ ಪಾಲಿಸಿ ಇರುವುದು ಗಾಡಿಯ ಮೇಲೆ, ಓಡಿಸುವವನ ಮೇಲಲ್ಲ. ನಿಮ್ಮ ಕಾರಿನ ಪಾಲಿಸಿ ಪಕ್ಕದ ಮನೆಯ ಕಾರಿಗೆ ಎಳ್ಳಷ್ಟೂ ಉಪಯೋಗವಿಲ್ಲ. ನೀವು ಅವರ ಕಾರಿನಲ್ಲಿ ಕೂತ ಕ್ಷಣದಿಂದ ಲೆಕ್ಕಕ್ಕೆ ಬರುವುದು ಅವರ ಪಾಲಿಸಿ. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿ ಮಾಡುವುದು ಸರ್ಕಾರ, ಅದೂ ಎಂಜಿನ್ ಗಾತ್ರ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500ರವರೆಗೆ 3,416, ಅದರ ಮೇಲೆ 7,897. ಓಡಿಸುವವನಿಗೆ ಹತ್ತೊಂಬತ್ತೋ ಅರವತ್ತೋ, ಯಾರೂ ಕೇಳುವುದಿಲ್ಲ. ಇದು ಅನುಕೂಲ ಎನ್ನುವವರಿದ್ದಾರೆ. ನನಗೆ ಅನ್ನಿಸುವುದೇನೆಂದರೆ, ಅಲ್ಲಿ ಪ್ರೀಮಿಯಂ ಬಿಲ್ಲೇ ಅಪ್ಪನನ್ನು ಒಮ್ಮೆ ಯೋಚಿಸುವಂತೆ ಮಾಡುತ್ತದೆ. ಇಲ್ಲಿ ಯೋಚಿಸಲು ಯಾರೂ ಹೇಳುವುದಿಲ್ಲ, ಅಪಘಾತ ಆಗುವವರೆಗೆ.

ನಿಮ್ಮ ಪಾಲಿಸಿಯ ಪಿಡಿಎಫ್ ತೆರೆದು 'ಡ್ರೈವರ್ಸ್ ಕ್ಲಾಸ್' ಎಂಬ ನಾಲ್ಕು ಸಾಲು ಓದಿ. ಮಾಲೀಕನೂ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಸಮಯದಲ್ಲಿ ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಎಂಬುದು ಅದರ ಸಾರ. ಅದು ಆ ಬಗೆಯ ವಾಹನದ ಲೈಸೆನ್ಸೇ ಆಗಿರಬೇಕು. ಕಾರಿನ ಲೈಸೆನ್ಸ್ ಮಾತ್ರ ಇರುವ ಹುಡುಗ ಗೆಳೆಯನ ಬುಲೆಟ್ ಹತ್ತಿದರೆ ಅವನು ಲೈಸೆನ್ಸ್ ಇಲ್ಲದವನೇ. ಗೇರಿಲ್ಲದ ಸ್ಕೂಟರಿಗೆ ಲೈಸೆನ್ಸ್ ಮಾಡಿಸಿಕೊಂಡು ಗೇರ್ ಬೈಕ್ ಓಡಿಸಿದರೂ ಅಷ್ಟೇ. ಹಳದಿ ಪ್ಲೇಟಿನ ಗಾಡಿಯ ವಿಷಯದಲ್ಲಿ ಇದ್ದ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಬಗೆಹರಿಸಿತು: ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು. ಇನ್ನು ಬಿಳಿ ಪ್ಲೇಟಿನ ಸ್ವಂತ ಕಾರನ್ನು ಬಾಡಿಗೆಗೆ ಕೊಡುವುದು, ದುಡ್ಡು ತೆಗೆದುಕೊಂಡು ಏರ್‌ಪೋರ್ಟಿಗೆ ಬಿಟ್ಟುಬರುವುದು, ಇವೆರಡೂ ಖಾಸಗಿ ಪಾಲಿಸಿಯ ಹೊರಗೆ.

ಸಣ್ಣ ಪೆಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಎರವಲು ತಂದ ಕಾರನ್ನು ಖನ್ನಾ ಮಾರ್ಕೆಟ್ಟಿನಲ್ಲಿ ಕಂಬಕ್ಕೆ ತಾಗಿಸಿದಿರಿ ಎನ್ನಿ. ಪೂರ್ಣ ಪಾಲಿಸಿ ಇದ್ದರೆ ಕ್ಲೇಮ್ ಸಿಗುತ್ತದೆ. ಆದರೆ ಮೊದಲ ಸಾವಿರ ರೂಪಾಯಿ, 1500 ಸಿಸಿ ದಾಟಿದ್ದರೆ ಎರಡು ಸಾವಿರ, ಕೈಯಿಂದಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮಾಲೀಕರ ನೋ ಕ್ಲೇಮ್ ಬೋನಸ್. ಐದು ವರ್ಷ ಕ್ಲೇಮ್ ಇಲ್ಲದೆ 50 ಶೇಕಡಾಕ್ಕೆ ಏರಿದ್ದು ಸೊನ್ನೆಗೆ ಇಳಿಯುತ್ತದೆ. ಎಂಟು ಸಾವಿರದ ಬಂಪರಿಗೆ ಕ್ಲೇಮ್ ಮಾಡುವುದಕ್ಕಿಂತ ಜೇಬಿನಿಂದ ಕೊಟ್ಟು ಸ್ನೇಹ ಉಳಿಸಿಕೊಳ್ಳಿ.

ನಿಜವಾದ ಕಂದಕ ಇರುವುದು ಬೇರೆ ಕಡೆ. ಗಾಡಿ ಓಡಿಸುತ್ತಿದ್ದವನಿಗೇ ಏನಾದರೂ ಆದರೆ?

ಇದಕ್ಕೆ ಉತ್ತರ ನಮ್ಮೂರಿನದೇ ಒಂದು ಪ್ರಕರಣದಲ್ಲಿದೆ. ಒಬ್ಬರು ಪರಿಚಿತರ ಹೀರೋ ಹೋಂಡಾ ಬೈಕ್ ಕೇಳಿ ತೆಗೆದುಕೊಂಡು ಇಳಕಲ್ಲಿನಿಂದ ತಮ್ಮೂರು ಗುಡೂರಿಗೆ ಹೊರಟಿದ್ದರು. ಹೆದ್ದಾರಿಯಲ್ಲಿ ಮುಂದೆ ಕಬ್ಬಿಣದ ಶೀಟು ಹೊತ್ತ ಎತ್ತಿನಗಾಡಿ ತಟ್ಟನೆ ನಿಂತಿತು. ಬೈಕ್ ಅದಕ್ಕೆ ಬಡಿದು, ಆಸ್ಪತ್ರೆಯ ದಾರಿಯಲ್ಲೇ ಅವರು ತೀರಿಕೊಂಡರು. ಮನೆಯವರು ಬೈಕಿನ ಇನ್ಶೂರೆನ್ಸ್ ಕಂಪನಿಯಿಂದ ಪರಿಹಾರ ಕೇಳಿದರು. ನ್ಯಾಯಮಂಡಳಿ ಕೊಟ್ಟಿತು, ಹೈಕೋರ್ಟ್ ತೆಗೆದುಹಾಕಿತು. 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಗಾಡಿ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ. ಮಾಲೀಕ ತನ್ನದೇ ಪಾಲಿಸಿಗೆ 'ಥರ್ಡ್ ಪಾರ್ಟಿ' ಆಗಲಾರ. ಹಾಗಾಗಿ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುತ್ತಿದ್ದ ಆಗಿನ 163ಎ ಸೆಕ್ಷನ್ನಿನಡಿ ಆ ಕುಟುಂಬಕ್ಕೆ ಹಕ್ಕಿಲ್ಲ. ಬೇರೆ ಸೆಕ್ಷನ್ನಿನಡಿ ಏನಾದರೂ ಸಿಗಬಹುದೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ವಾಪಸ್ ಕಳಿಸಿತು. 2020ರ ಜನವರಿಯಲ್ಲಿ ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ ಎರವಲು ಬೈಕಿನ ಪಾಲಿಸಿಯಿಂದ ಕುಟುಂಬಕ್ಕೆ ಸಿಕ್ಕಿದ್ದು ಒಂದು ಲಕ್ಷ ರೂಪಾಯಿ. ಈ ನಿಲುವು ಸರಿಯೇ ಎಂದು ನೋಡಲು 2025ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಗಿದೆ. ಆ ತೀರ್ಪನ್ನು ನಂಬಿಕೊಂಡು ಇವತ್ತು ಗಾಡಿ ಓಡಿಸುವಂತಿಲ್ಲ.

2025ರ ಜುಲೈನಲ್ಲಿ ಅರಸೀಕೆರೆಯ ಪ್ರಕರಣ ನಿಮ್ಮ ಗುಂಪುಗಳಲ್ಲೂ ಓಡಾಡಿರಬಹುದು. 2014ರಲ್ಲಿ ವೇಗವಾಗಿ ಓಡುತ್ತಿದ್ದ ಕಾರು ಮಗುಚಿ ಚಾಲಕ ತೀರಿಕೊಂಡಿದ್ದರು. ಕುಟುಂಬ ಕೇಳಿದ 80 ಲಕ್ಷವನ್ನು ಕರ್ನಾಟಕ ಹೈಕೋರ್ಟ್ ನಿರಾಕರಿಸಿತ್ತು, ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. "ಇನ್ನು ಇನ್ಶೂರೆನ್ಸೇ ಇಲ್ಲವಂತೆ" ಎಂದು ಸುದ್ದಿ ಹಬ್ಬಿತು. ಹಾಗೇನಿಲ್ಲ. ತನ್ನದೇ ತಪ್ಪಿನಿಂದ ಸತ್ತವನ ಮನೆಯವರು ಥರ್ಡ್ ಪಾರ್ಟಿ ಪರಿಹಾರ ಕೇಳಲಾಗದು ಎಂಬುದು ಹಳೆಯ ನಿಯಮವೇ. ಎದುರಿನ ಗಾಡಿಯದು ತಪ್ಪಾಗಿದ್ದರೆ ಆ ಗಾಡಿಯ ಕಂಪನಿಯಿಂದ ಕೇಳುವ ಹಕ್ಕು ಎರವಲು ಕಾರಿನಲ್ಲಿದ್ದವರಿಗೂ ಇದ್ದೇ ಇದೆ.

"ಆದರೆ ಪಾಲಿಸಿಯಲ್ಲಿ 15 ಲಕ್ಷದ ಅಪಘಾತ ವಿಮೆ ಇದೆಯಲ್ಲ?" ಎನ್ನುತ್ತೀರಿ. ಇದೆ. ಅದರ ಹೆಸರನ್ನು ಪೂರ್ತಿ ಓದಿ: 'ಓನರ್ ಡ್ರೈವರ್' ಕವರ್. ಆರ್‌ಸಿಯಲ್ಲಿ ಹೆಸರಿದ್ದು, ಲೈಸೆನ್ಸ್ ಇದ್ದವರಿಗೆ ಮಾತ್ರ. ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಗಂಡನ ಹೆಸರಿನಲ್ಲಿ, ದಿನಾ ನೊಯ್ಡಾಕ್ಕೆ ಓಡಿಸಿಕೊಂಡು ಹೋಗುವವಳು ಹೆಂಡತಿ. ಇಲ್ಲವೇ ಕಾರು ಅಪ್ಪನದು, ಅಪ್ಪ ಮೆಟ್ರೋದಲ್ಲಿ ಆಫೀಸಿಗೆ, ಕಾರು ಮಗಳ ಕೈಯಲ್ಲಿ. ಆ 15 ಲಕ್ಷ ಇವರಿಬ್ಬರಿಗೂ ಅಲ್ಲ. ಇದನ್ನು ಹೇಳಿದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ದಾರಿ ಸುಲಭವಿದೆ: ಗಾಡಿಗೆ ಅಂಟಿಕೊಳ್ಳದ, ವ್ಯಕ್ತಿಯ ಹೆಸರಿನಲ್ಲೇ ಇರುವ ಪ್ರತ್ಯೇಕ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ. ಯಾರ ಕಾರಾದರೂ, ಬಸ್ಸಾದರೂ, ರಸ್ತೆ ದಾಟುವಾಗಲಾದರೂ ಅದು ಜೊತೆಗಿರುತ್ತದೆ. ಓಡಿಸುವ ಪ್ರತಿಯೊಬ್ಬರಿಗೂ ಒಂದೊಂದು ಮಾಡಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಹಳೆಯ ಕಾರಿನಲ್ಲಿ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಮುರ್ಥಲ್‌ಗೆ ಪರಾಠಾ ತಿನ್ನಲು ಹೋಗುವವರೂ ಕೇಳಿಸಿಕೊಳ್ಳಿ: ಖಾಸಗಿ ಕಾರಿನ ಒಳಗೆ ಕೂತವರು ಅಂಥ ಪಾಲಿಸಿಯಲ್ಲಿ ಬರುವುದಿಲ್ಲ ಎಂದು ಕೋರ್ಟುಗಳು ಹೇಳಿವೆ. ಪೂರ್ಣ ಪಾಲಿಸಿಯಲ್ಲಿ ಬರುತ್ತಾರೆ.

ಇನ್ನು ಮಕ್ಕಳ ಮಾತು. 2016ರ ಏಪ್ರಿಲ್ 4ರ ರಾತ್ರಿ ಇದೇ ದಿಲ್ಲಿಯ ಸಿವಿಲ್ ಲೈನ್ಸ್‌ನಲ್ಲಿ ರಸ್ತೆ ದಾಟುತ್ತಿದ್ದ 32 ವರ್ಷದ ಯುವಕನಿಗೆ ಮರ್ಸಿಡಿಸ್ ಕಾರೊಂದು ಬಡಿಯಿತು. ಓಡಿಸುತ್ತಿದ್ದವನಿಗೆ ಹದಿನೆಂಟು ತುಂಬಲು ಕೆಲವೇ ದಿನ ಬಾಕಿಯಿತ್ತು. 2024ರಲ್ಲಿ ನ್ಯಾಯಮಂಡಳಿ ಬಡ್ಡಿ ಸೇರಿ ಸುಮಾರು 1.98 ಕೋಟಿ ಪರಿಹಾರ ಕೊಡಿಸಿತು. ಮೊದಲು ವಿಮಾ ಕಂಪನಿ ಸತ್ತವನ ತಂದೆ ತಾಯಿಗೆ ಕೊಡಬೇಕು, ಆಮೇಲೆ ಕಾರಿನ ಮಾಲೀಕರ ಕಡೆಯಿಂದ ವಸೂಲಿ ಮಾಡಿಕೊಳ್ಳಬಹುದು. ಈ 'ಮೊದಲು ಕೊಡು, ನಂತರ ವಸೂಲಿ ಮಾಡು' ಎಂಬ ಕ್ರಮ 2004ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗಟ್ಟಿಯಾದದ್ದು. ಬೀದಿಯಲ್ಲಿ ಪೆಟ್ಟು ತಿಂದವನಿಗೆ ಇದು ನ್ಯಾಯ, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಬಳದ ಮೇಲೆ ಬದುಕುವ ಮನೆಗೆ ಇಂಥ ವಸೂಲಿ ನೋಟಿಸ್ ಬಂದರೆ ಊರಿನ ಸೈಟೂ ಸಾಲದು.

"ನನಗೆ ಗೊತ್ತಿಲ್ಲದೆ ಕೀಲಿ ತೆಗೆದುಕೊಂಡ" ಎಂಬ ವಾದವೂ ಕೋರ್ಟಿನ ಮುಂದೆ ಬಂದಿದೆ. ಲೈಸೆನ್ಸಿಲ್ಲದ ಅಪ್ರಾಪ್ತ ಹುಡುಗನೊಬ್ಬ ಸಂಬಂಧಿಕರ ಬೈಕ್ ಒಯ್ದಿದ್ದ ಪ್ರಕರಣದಲ್ಲಿ, 2011ರಲ್ಲಿ, ತನ್ನ ಗಾಡಿ ದುರುಪಯೋಗ ಆಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ವಸೂಲಿ ಅವನಿಂದಲೇ. ಅಂದರೆ ಪಕ್ಕದವರು ಕೊಟ್ಟುಹೋದ ಕೀಲಿಯನ್ನು ನಿಮ್ಮ ಮಗ ಎತ್ತಿಕೊಂಡರೆ ಊರಿನಲ್ಲಿ ಮದುವೆ ಊಟ ಮಾಡುತ್ತಿರುವ ಮಾಲೀಕರೂ ಸಿಕ್ಕಿಬೀಳುತ್ತಾರೆ.

2019ರ ಸೆಪ್ಟೆಂಬರ್ 1ರಿಂದ 199ಎ ಸೆಕ್ಷನ್ ಬೇರೆ ಸೇರಿದೆ. ಅಪ್ರಾಪ್ತ ಮಗು ಗಾಡಿ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಜೈಲಿನ ಮಾತಿಗೆ ಬಗ್ಗದ ಹುಡುಗರು ಈ ಕೊನೆಯ ಸಾಲಿಗೆ ಬಗ್ಗುತ್ತಾರೆ, ಹೇಳಿ ನೋಡಿ.

"ಸ್ಕೂಟಿ ತಾನೇ, ಹದಿನಾರಕ್ಕೇ ಓಡಿಸಬಹುದಂತಲ್ಲ?" ಹದಿನಾರರ ಸೌಲಭ್ಯ ಇರುವುದು 50 ಸಿಸಿಯೊಳಗಿನ ಗಾಡಿಗೆ. ನಿಮ್ಮ ಮನೆಯ ಆಕ್ಟಿವಾ ಅದರ ಎರಡರಷ್ಟಕ್ಕೂ ಹೆಚ್ಚು. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟಿನೊಳಗಿನ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೂ ಬೇಡ, ಇನ್ಶೂರೆನ್ಸೂ ಇಲ್ಲ. ಇನ್ಶೂರೆನ್ಸ್ ಇಲ್ಲ ಎಂದರೆ ಯಾರಿಗಾದರೂ ತಾಗಿದರೆ ಪೂರ್ತಿ ನಿಮ್ಮ ಜೇಬೇ.

ಹದಿನೆಂಟು ತುಂಬಿ ಲರ್ನರ್ಸ್ ಸಿಕ್ಕವರಿಗೆ ಪಾಲಿಸಿ ನಡೆಯುತ್ತದೆ, ಷರತ್ತಿನ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದಂತೆ ಪಕ್ಕದಲ್ಲಿ ಲೈಸೆನ್ಸ್ ಇರುವ, ಗಾಡಿ ನಿಲ್ಲಿಸಬಲ್ಲ ಜಾಗದಲ್ಲಿ ಕೂತ ಒಬ್ಬರಿರಬೇಕು. ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡುವ ಅಪ್ಪ ಲೆಕ್ಕಕ್ಕಿಲ್ಲ. ಮುಂದೆ ಹಿಂದೆ ಎರಡೂ ಕಡೆ ಕೆಂಪು 'ಎಲ್' ಇರಬೇಕು. ಕಲಿಸಲು ಭಾನುವಾರ ಬೆಳಿಗ್ಗೆ ಖನ್ನಾ ಮಾರ್ಕೆಟ್ಟಿನಿಂದ ಮೆಹರ್‌ಚಂದ್ ಮಾರ್ಕೆಟ್ಟಿನ ಕಡೆಗಿನ ಬೀದಿಗಳು ಖಾಲಿ ಎಂದು ಬಹಳ ಜನ ಅಲ್ಲಿಗೇ ಹೋಗುತ್ತಾರೆ. ಏಳೂವರೆಯೊಳಗೆ ಮುಗಿಸಿಕೊಳ್ಳಿ. ಆಮೇಲೆ ಗೋಡೆ ಚಿತ್ರಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರು ನಡುರಸ್ತೆಗೇ ಬಂದು ನಿಂತಿರುತ್ತಾರೆ.

ಈಗಲೇ ಕೀಲಿ ಕೈಯಲ್ಲಿ ಹಿಡಿದಿದ್ದರೆ, ಕೊಡುವವರು ತಮ್ಮ ಪಾಲಿಸಿಯ ಪಿಡಿಎಫ್ ಕಳಿಸಲಿ, ತೆಗೆದುಕೊಳ್ಳುವವರು ಡಿಜಿಲಾಕರಿನ ಲೈಸೆನ್ಸ್ ತೋರಿಸಲಿ. ಸಂಕೋಚ ಬೇಡ. ಎರಡರಲ್ಲೂ ಕೊನೆಯ ದಿನಾಂಕ ನೋಡಿಕೊಳ್ಳಿ. ಹುಬ್ಬಳ್ಳಿಯಲ್ಲಿ ಮಾವಿನಹಣ್ಣು ತಿನ್ನುತ್ತಾ ಕೂತವರಿಗೆ ರಿನ್ಯೂವಲ್ ಮೆಸೇಜ್ ಬಂದದ್ದೇ ನೆನಪಿರುವುದಿಲ್ಲ.

ಮುಂದಿನ ತಿಂಗಳು: ಕೆಎ ನಂಬರಿನ ಗಾಡಿಗೆ ಎನ್‌ಒಸಿ ತಂದು ಡಿಎಲ್ ನಂಬರ್ ಹಾಕಿಸುವ ವಿಚಾರ.