ಕಾಂತಕವಚದ ಕಾವಲು

ವಿಶ್ವಕಿರಣಗಳು ನೆಲದಿಂದಲ್ಲ, ಆಕಾಶದಿಂದ ಬರುತ್ತವೆ ಎಂಬುದನ್ನು 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ ಕಂಡುಕೊಂಡರು. ಅವುಗಳ ಮೂಲವನ್ನು ಹುಡುಕುವುದು ಮಾತ್ರ ಇಂದಿಗೂ ಕಷ್ಟವೇ. ವಿದ್ಯುದಂಶವುಳ್ಳ ಈ ಕಣಗಳ ಹಾದಿಯನ್ನು ಕಾಂತಕ್ಷೇತ್ರಗಳು ಬಾಗಿಸುವುದರಿಂದ, ಬಂದ ದಿಕ್ಕು ಹುಟ್ಟಿದ ಎಡೆಯನ್ನು ತಿಳಿಸದು. ಆದರೆ ಆ ಬಾಗೇ ಬೇರೊಂದು ಸುದ್ದಿಯನ್ನು ತರಬಲ್ಲದು.

ಈ ಕಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನ್‌ಗಳನ್ನು ಉದಕಮಂಡಲದ ಗ್ರೇಪ್ಸ್-3 ದೂರದರ್ಶಕವು ದಪ್ಪ ಕಾಂಕ್ರೀಟಿನ ಅಡಿಯಲ್ಲಿ ಎಣಿಸುತ್ತದೆ. 2015ರ ಜೂನ್ 22ರಂದು ಸೂರ್ಯನಿಂದ ಸಿಡಿದ ಕಾಂತಮೇಘವು ಭೂಮಿಗೆ ಅಪ್ಪಳಿಸಿದಾಗ, ಆ ಎಣಿಕೆ ಎರಡು ಗಂಟೆ ಏರಿತು. ಭೂಮಿಯ ಕಾಂತಕವಚ ದುರ್ಬಲಗೊಂಡು, ಎಂದಿನಂತೆ ಹಿಮ್ಮೆಟ್ಟಬೇಕಾದ ಕಣಗಳು ಒಳನುಗ್ಗಿದ್ದವು. ಇಂಥದೇ ಸೌರಪ್ರಕೋಪದಿಂದ 1989ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತವು ಒಂಬತ್ತು ಗಂಟೆ ವಿದ್ಯುತ್ತಿಲ್ಲದೆ ಕತ್ತಲಲ್ಲಿತ್ತು. ನೀಲಗಿರಿಯ ಆ ಎಣಿಕೆ ಹಗಲಿರುಳೂ ನಿಲ್ಲಬಾರದು.